ಕ್ಯೂ ಡೆಪ್ತ್ ಏರಿಸಿದರೆ ಸ್ಟೋರೇಜ್ ವೇಗವಾಗುತ್ತಾ?

'ಲಿನಕ್ಸ್‌ನಲ್ಲಿ ಐಸ್ಕಸಿ ಸ್ಟೋರೇಜ್ ನಿಧಾನವೇ? ಕ್ಯೂ ಡೆಪ್ತ್ ಅನ್ನು 32ರಿಂದ 256ಕ್ಕೆ ಏರಿಸಿ, ವೇಗ ಎಂಟು ಪಟ್ಟು' ಎಂಬ ಸಲಹೆ ಹರಿದಾಡುತ್ತಿದೆ. ಇದು ಸರಿಯಲ್ಲ. (ಐಸ್ಕಸಿ, ಅಂದರೆ iSCSI, ನೆಟ್‌ವರ್ಕ್ ಮೂಲಕ ದೂರದ ಡಿಸ್ಕ್ ಬಳಸುವ ವಿಧಾನ.)

ಕ್ಯೂ ಡೆಪ್ತ್ ಎಂದರೆ, ಉತ್ತರ ಬರುವ ಮೊದಲೇ ಒಂದು ಡಿಸ್ಕ್‌ಗೆ ಎಷ್ಟು ಕಮಾಂಡ್ ಕಳಿಸಿಡಬಹುದು ಎಂಬ ಮಿತಿ, ಅಷ್ಟೇ. ಸ್ಟೋರೇಜ್‌ನ ತಾಕತ್ತೇ ಸೆಕೆಂಡಿಗೆ 20,000 ಕಮಾಂಡ್ ಎಂದುಕೊಳ್ಳಿ. 32 ಕಳಿಸಿಟ್ಟರೆ ಪ್ರತಿಯೊಂದಕ್ಕೆ 1.6 ಮಿಲಿಸೆಕೆಂಡ್ ಹಿಡಿಯುತ್ತದೆ. 256 ಕಳಿಸಿದರೂ ಮುಗಿಯುವುದು ಅದೇ 20,000. ಕಾಯುವುದು ಮಾತ್ರ 12.8 ಮಿಲಿಸೆಕೆಂಡ್. ಡೇಟಾಬೇಸ್ ನಡೆಸುವವರಿಗೆ ಇದು ಲಾಭವಲ್ಲ, ತಲೆನೋವು.

ಜೊತೆಗೆ, ಲಿನಕ್ಸ್‌ನ ಐಸ್ಕಸಿ ಸಾಫ್ಟ್‌ವೇರ್ ಆದ ಓಪನ್-ಐಸ್ಕಸಿಯಲ್ಲಿ ಇಡೀ ಸೆಷನ್‌ಗೆ (ಸ್ಟೋರೇಜ್ ಜೊತೆಗಿನ ಸಂಪರ್ಕಕ್ಕೆ) ಬೇರೆಯೇ ಕಮಾಂಡ್ ಮಿತಿ ಇದೆ, ಡಿಫಾಲ್ಟ್ ಆಗಿ 128. ಅದನ್ನು ಮುಟ್ಟದೆ 256 ಹಾಕಿದರೆ ಸುಮ್ನೆ ಹಾಕಿದ ಹಾಗೆ.

ಕ್ಯೂ ಸದಾ ತುಂಬಿದ್ದು, ಆ ಕಡೆ ಸ್ಟೋರೇಜ್ ಬಿಡುವಾಗಿದ್ದರೆ ಮಾತ್ರ ಏರಿಸಿ ನೋಡಬಹುದು.