ಕ್ಯೂನಲ್ಲಿ ಕಾಯುತ್ತಿರುವ ಮೆಸೇಜಿನ ವಯಸ್ಸು

ಮಂಗಳೂರು, ಉಡುಪಿ ಕಡೆ ಕೂತು ಬ್ಯಾಂಕು, ಇನ್ಶೂರೆನ್ಸ್ ಸಾಫ್ಟ್‌ವೇರ್‌ಗಳ ಸಪೋರ್ಟ್ ಕೆಲಸ ಮಾಡುವ ಗೆಳೆಯರಿಗೆ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಇಲ್ಲದವರೂ ಓದಿ. ನಿಮ್ಮ ದುಡ್ಡಿನ ಲೆಕ್ಕವೂ ದಿನಾ ಇಂಥ ಕ್ಯೂಗಳ ಮೂಲಕವೇ ಹಾದು ಹೋಗುತ್ತಿರಬಹುದು.

ದೊಡ್ಡ ಸಂಸ್ಥೆಗಳಲ್ಲಿ ಎಷ್ಟೋ ಕಡೆ ಒಂದು ಸಿಸ್ಟಮ್ ಇನ್ನೊಂದರ ಜೊತೆ ನೇರ ಮಾತಾಡುವುದಿಲ್ಲ. ನಡುವೆ ಒಂದು ಕ್ಯೂ ಇರುತ್ತದೆ. ಕಳಿಸುವ ಪ್ರೋಗ್ರಾಂ ಅದರಲ್ಲಿ ಮೆಸೇಜ್ ಹಾಕಿ ಮುಂದಿನ ಕೆಲಸಕ್ಕೆ ಹೋಗುತ್ತದೆ. ಓದುವ ಪ್ರೋಗ್ರಾಂ ತನಗೆ ಆದಾಗ ತೆಗೆದುಕೊಳ್ಳುತ್ತದೆ. ಐಬಿಎಂನ ಎಂಕ್ಯೂ 1993ರಿಂದ ಈ ಕೆಲಸ ಮಾಡುತ್ತಿದೆ. 2007ರಲ್ಲಿ ರ‍್ಯಾಬಿಟ್‌ಎಂಕ್ಯೂ ಬಂತು. ಲಿಂಕ್ಡ್‌ಇನ್ ಒಳಗೆ ಹುಟ್ಟಿದ ಕಾಫ್ಕಾ 2011ರಲ್ಲಿ ಓಪನ್ ಸೋರ್ಸ್ ಆಯಿತು. ಒಳ್ಳೆಯ ಏರ್ಪಾಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದುವ ಪ್ರೋಗ್ರಾಂ ನಿಂತುಹೋದರೆ ಕಳಿಸುವ ಕಡೆಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ಎಲ್ಲವೂ ಸಕ್ಸಸ್ ಅಂತಲೇ ಕಾಣುತ್ತದೆ. ಓದದೆ ಉಳಿದ ಮೆಸೇಜುಗಳ ಬಾಕಿ ಬೆಳೆಯುತ್ತಿದೆ ಅಂತ ಹೇಳಬೇಕಾದ್ದು ಅಲರ್ಟ್ ಒಂದೇ.

ಆ ಅಲರ್ಟನ್ನು ನಾವು ಎಲ್ಲಿ ಕಟ್ಟುತ್ತೇವೆ ಅನ್ನುವುದೇ ನನ್ನ ತಕರಾರು. ನಾನು ನೋಡಿದ ಹೆಚ್ಚಿನ ಕಡೆ ಕ್ಯೂನಲ್ಲಿ ಎಷ್ಟು ಮೆಸೇಜ್ ಇವೆ ಅನ್ನುವ ಸಂಖ್ಯೆಗೆ ಕಟ್ಟಿರುತ್ತಾರೆ. ಎಂಕ್ಯೂನಲ್ಲಿ ಏನೂ ಬದಲಿಸದೆ ಒಂದು ಕ್ಯೂ ಮಾಡಿದರೆ ಅದರಲ್ಲಿ 5000 ಮೆಸೇಜ್ ಹಿಡಿಯುತ್ತದೆ. ಎಚ್ಚರಿಕೆಯ ಗಡಿ ಶೇ. 80, ಅಂದರೆ 4000. ಆ ಎಚ್ಚರಿಕೆಯೂ ತಾನಾಗಿ ಬರುವುದಿಲ್ಲ, ನಾವೇ ಆನ್ ಮಾಡಬೇಕು. ಆನ್ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಹಸಿರು ಕಂಡರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ.

ಒಂದು ಶನಿವಾರ ಮಧ್ಯಾಹ್ನ ನಾವು ನೋಡಿಕೊಳ್ಳುವ ಒಂದು ಸಿಸ್ಟಮ್‌ನಲ್ಲಿ ಆದದ್ದು ಹೇಳುತ್ತೇನೆ. ಕಾರ್ಡ್ ಕಳೆದುಹೋಯಿತು, ಬ್ಲಾಕ್ ಮಾಡಿ ಅಂತ ಜನ ಕೊಟ್ಟ ಕೋರಿಕೆಗಳು ಬರುವ ಕ್ಯೂ ಅದು. ಯಾರೋ ಒಬ್ಬರು ಮೂರನೇ ಸಲ ಫೋನ್ ಮಾಡಿ, "ಬೆಳಿಗ್ಗೆಯೇ ಹೇಳಿದ್ದೆ, ಕಾರ್ಡ್ ಇನ್ನೂ ನಡೀತಾ ಉಂಟಲ್ಲ" ಅಂದ ಮೇಲೆ ನಮ್ಮ ಹುಡುಗ ಕ್ಯೂ ಸ್ಟೇಟಸ್ ತೆಗೆದ. ಡೆಪ್ತ್, ಅಂದರೆ ಕ್ಯೂನಲ್ಲಿ ಕಾಯುತ್ತಿರುವ ಮೆಸೇಜುಗಳ ಸಂಖ್ಯೆ, 37. ಓದಲು ಕ್ಯೂ ತೆರೆದುಕೊಂಡಿರುವ ಪ್ರೋಗ್ರಾಂ 0. ಎಲ್ಲಕ್ಕಿಂತ ಹಳೆಯ ಮೆಸೇಜಿನ ವಯಸ್ಸು 19842 ಸೆಕೆಂಡ್. ಅಂದರೆ ಐದೂವರೆ ಗಂಟೆ! ಓದುವ ಪ್ರೋಗ್ರಾಂ ಬೆಳಿಗ್ಗೆ ಒಂಬತ್ತಕ್ಕೇ ಸತ್ತಿತ್ತು. 4000ದ ಗಡಿಯ ಎದುರು 37 ಯಾವ ಲೆಕ್ಕ? ಡ್ಯಾಶ್‌ಬೋರ್ಡ್ ಅಷ್ಟು ಹೊತ್ತೂ ಹಸಿರಾಗಿಯೇ ಇತ್ತು. ಆದರೆ ಆ 37ರಲ್ಲಿ ಒಂದೊಂದೂ ಒಬ್ಬ ಮನುಷ್ಯ. ಕಾರ್ಡ್ ಯಾರ ಕೈಯಲ್ಲಿದೆಯೋ ಅಂತ ಒದ್ದಾಡುತ್ತಿರುವ ಮನುಷ್ಯ.

ಅದೇ ಹೊತ್ತಿಗೆ ಪಕ್ಕದ ಇನ್ನೊಂದು ಕ್ಯೂನಲ್ಲಿ ಸಾವಿರಗಟ್ಟಲೆ ಸ್ಟೇಟ್‌ಮೆಂಟ್ ಮೆಸೇಜ್ ಇದ್ದವು. ಅಲ್ಲಿಂದ ಅಲರ್ಟ್ ಮೇಲೆ ಅಲರ್ಟ್. ಆ ಕ್ಯೂ ಚೆನ್ನಾಗಿಯೇ ಓಡುತ್ತಿತ್ತು, ಯಾವ ಮೆಸೇಜೂ ಒಂದು ನಿಮಿಷಕ್ಕಿಂತ ಜಾಸ್ತಿ ಕಾಯುತ್ತಿರಲಿಲ್ಲ.

ಮಲ್ಪೆ ಬಂದರಿನಲ್ಲಿ ಮೀನು ಕೊಳ್ಳುವವರು ಎಷ್ಟು ಬುಟ್ಟಿ ಬಂಗುಡೆ ಬಂತು ಅಂತ ನೋಡಿ ತಾಜಾತನ ಹೇಳುವುದಿಲ್ಲ. ಕಿವಿರು ಎತ್ತಿ ನೋಡುತ್ತಾರೆ, ಹಿಡಿದು ಎಷ್ಟು ಹೊತ್ತಾಯಿತು ಅಂತ. ಕ್ಯೂನಲ್ಲೂ ನೋಡಬೇಕಾದ್ದು ಆ ಹೊತ್ತನ್ನೇ. ಎಂಕ್ಯೂ ಅದನ್ನು ತೋರಿಸುತ್ತದೆ, ಆದರೆ ಮಾನಿಟರಿಂಗ್ ಸೆಟ್ಟಿಂಗ್ ಆನ್ ಇದ್ದರೆ ಮಾತ್ರ. ಸುಮ್ನೆ ಬಿಟ್ಟರೆ ಅದು ಆಫ್. ನಿಮ್ಮ ಕಡೆ ಏನಿದೆ ಅಂತ ಇವತ್ತೇ ನೋಡಿ. ಅಮೆಜಾನಿನ ಕ್ಯೂ ಸೇವೆ ಎಸ್‌ಕ್ಯೂಎಸ್‌ನಲ್ಲಿ ಎಲ್ಲಕ್ಕಿಂತ ಹಳೆಯ ಮೆಸೇಜಿನ ವಯಸ್ಸಿಗೆ ಬೇರೆಯೇ ಮೆಟ್ರಿಕ್ ಇದೆ, ಅದಕ್ಕೇ ಅಲಾರಂ ಕಟ್ಟಬಹುದು.

ವಯಸ್ಸು ನೋಡಿದರೆ ಇನ್ನೊಂದು ರೋಗವೂ ಬೇಗ ಸಿಗುತ್ತದೆ. ಒಂದು ಕೆಟ್ಟ ಮೆಸೇಜ್ ಬರುತ್ತದೆ ಅಂದುಕೊಳ್ಳಿ. ಪ್ರೋಗ್ರಾಂ ಅದನ್ನು ಓದುತ್ತದೆ, ಸೋಲುತ್ತದೆ, ಕ್ಯೂಗೆ ವಾಪಸ್ ಹಾಕುತ್ತದೆ, ಮತ್ತೆ ಅದನ್ನೇ ಓದುತ್ತದೆ. ಎಂಕ್ಯೂನಲ್ಲಿ ಎಷ್ಟು ಸಲ ಸೋತ ಮೇಲೆ ಪಕ್ಕಕ್ಕಿಡಬೇಕು ಅನ್ನುವ ಗಡಿ ಮೊದಲಿಗೆ 0 ಇರುತ್ತದೆ, ಅಂದರೆ ಗಡಿಯೇ ಇಲ್ಲ. ಓದುವ ಪ್ರೋಗ್ರಾಂ ಜೀವಂತ ಇದೆ, ಸಿಪಿಯು ಓಡುತ್ತಿದೆ, ಡೆಪ್ತ್ ಕಮ್ಮಿ ಇದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ವಯಸ್ಸು ಮಾತ್ರ ಏರುತ್ತಾ ಇರುತ್ತದೆ.

ಕಾಫ್ಕಾದಲ್ಲಿ ಭಯ ಬೇರೆ ತರಹದ್ದು. ಅಲ್ಲಿ ಬಾಕಿಗೆ ಲ್ಯಾಗ್ ಅನ್ನುತ್ತೇವೆ. ಮೆಸೇಜ್‌ಗಳನ್ನು ಅದು ಸಾಮಾನ್ಯವಾಗಿ 7 ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತದೆ. ಯಾರಾದರೂ ಓದಿದರೋ ಇಲ್ಲವೋ ಅಂತ ಅದು ಕೇಳುವುದಿಲ್ಲ. ಡಿಸ್ಕ್ ಉಳಿಸಲು ಕೆಲವರು ಅದನ್ನು ಒಂದು ದಿನಕ್ಕೆ ಇಳಿಸಿರುತ್ತಾರೆ. ಹಾಗಿರುವಲ್ಲಿ ಶನಿವಾರ ನಿಂತ ಕನ್ಸ್ಯೂಮರನ್ನು, ಅಂದರೆ ಓದುವ ಪ್ರೋಗ್ರಾಮನ್ನು, ಸೋಮವಾರ ನೋಡಿದರೆ ನಡುವಿನದ್ದು ಹೋಗಿಯೇ ಬಿಟ್ಟಿರುತ್ತದೆ. ಲಿಂಕ್ಡ್‌ಇನ್‌ನವರು 2015ರಲ್ಲಿ ಬರೋ ಅನ್ನುವ ಟೂಲ್ ಹೊರಗೆ ಬಿಟ್ಟರು. ಅದು ಇಷ್ಟು ಲ್ಯಾಗ್ ದಾಟಿದರೆ ಕೂಗು ಅಂತ ಒಂದು ಸಂಖ್ಯೆ ಇಟ್ಟುಕೊಳ್ಳುವುದಿಲ್ಲ. ಕನ್ಸ್ಯೂಮರ್ ಮುಂದೆ ಹೋಗುತ್ತಿದೆಯಾ, ನಿಂತಿದೆಯಾ, ಹಿಂದೆ ಬೀಳುತ್ತಿದೆಯಾ ಅಂತ ನೋಡಿ ಹೇಳುತ್ತದೆ. ನನಗೆ ಇದೇ ಸರಿಯಾದ ದಾರಿ ಅನ್ನಿಸುತ್ತದೆ.

"ರಾತ್ರಿ ಟ್ರಾಫಿಕ್ ಕಮ್ಮಿ ಆದಾಗ ಕ್ಯೂ ತಾನೇ ಖಾಲಿ ಆಗುತ್ತದೆ" ಅನ್ನುವ ಹಳಬರಿದ್ದಾರೆ. ಅವರ ಕಾಲಕ್ಕೆ ಅದು ನಿಜ. ಆದರೆ ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ಹಗಲು ರಾತ್ರಿ ನಡೆಯುತ್ತಿವೆ. ಈಗ ಹಣಕಾಸಿನ ಸಿಸ್ಟಮ್‌ಗಳಿಗೆ ರಾತ್ರಿ ಅನ್ನುವುದೇ ಇಲ್ಲ. ಬಾಕಿ ತೀರಿಸಲು ಸಿಗುತ್ತಿದ್ದ ಆ ಬಿಡುವು ಹೋಯಿತು.

ಇನ್ನು ಅಲರ್ಟ್ ಯಾರಿಗೆ ಹೋಗುತ್ತದೆ? ಹತ್ತಿಪ್ಪತ್ತು ಜನರ ಗ್ರೂಪ್ ಮೇಲ್‌ಗೆ ಹೋದರೆ ಯಾರಿಗೂ ಹೋಗಲಿಲ್ಲ ಅಂತಲೇ ಲೆಕ್ಕ. ಅದರಲ್ಲೂ ಎಂಕ್ಯೂನ ಡೆಪ್ತ್ ಎಚ್ಚರಿಕೆ ಗಡಿ ದಾಟಿದಾಗ ಒಮ್ಮೆ ಮಾತ್ರ ಬರುತ್ತದೆ. ಬಾಕಿ ಕರಗಿ ಕೆಳಗಿನ ಗಡಿಗೆ ಇಳಿಯುವವರೆಗೆ ಅದು ಮತ್ತೆ ಬರುವುದಿಲ್ಲ. ಆ ಒಂದನ್ನು ತಪ್ಪಿಸಿಕೊಂಡರೆ, ಕ್ಯೂ ತುಂಬಿ 2053 ಎರರ್ ಬಂದಾಗಲೇ ಗೊತ್ತಾಗುವುದು. ನಮ್ಮ ಊರಿನ ಮಳೆಗಾಲದಲ್ಲಿ ಇದು ಇನ್ನೂ ಕಷ್ಟ. ಆನ್‌ಕಾಲ್ ಇರುವ, ಅಂದರೆ ಅಲರ್ಟ್ ಬಂದರೆ ನೋಡುವ ಸರದಿಯಲ್ಲಿರುವ, ಹುಡುಗಿಯ ಮನೆ ಕಾರ್ಕಳದ ಆಚೆ ಅಂತಿಟ್ಟುಕೊಳ್ಳಿ. ಜೂನ್ ತಿಂಗಳ ಗಾಳಿಗೆ ಕರೆಂಟ್ ಹೋಗಿ, ಹಿಂದೆಯೇ ಟವರ್ ಹೋಗುತ್ತದೆ. ಅವಳನ್ನು ಬೈದು ಏನು ಪ್ರಯೋಜನ? ಹತ್ತು ನಿಮಿಷದಲ್ಲಿ ಅವಳು "ನೋಡಿದೆ" ಅಂತ ಒತ್ತದಿದ್ದರೆ ಇನ್ನೊಬ್ಬರ ಫೋನ್ ರಿಂಗಾಗಬೇಕು. ಆ ಇನ್ನೊಬ್ಬರು ಬೇರೆ ಊರಲ್ಲಿ, ಬೇರೆ ನೆಟ್‌ವರ್ಕಿನಲ್ಲಿ ಇರಬೇಕು. ಇದನ್ನು ಮಾಡಿಸಲು ಮ್ಯಾನೇಜರ್‌ಗಳು ಒಂದು ಸಲ ಕೂತು ಯೋಚಿಸಿದರೆ ಸಾಕು, ಹೊಸದಾಗಿ ಟೂಲ್ ಕೊಳ್ಳಬೇಕೆಂದೇನಿಲ್ಲ.

ಹಾಗೇ, ಸುಮ್ಮಸುಮ್ಮನೆ ಕೂಗುವ ಅಲರ್ಟ್‌ಗಳನ್ನು ದಯವಿಟ್ಟು ತೆಗೆದುಹಾಕಿ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಆಗ ಮಾಡಲು ಏನಾದರೂ ಕೆಲಸ ಇರಬೇಕು. ಸ್ಟೇಟ್‌ಮೆಂಟ್ ಕ್ಯೂ ಎರಡು ಗಂಟೆ ತಡವಾದರೆ ಬೆಳಿಗ್ಗೆ ನೋಡಬಹುದು, ಕಾರ್ಡ್ ಬ್ಲಾಕ್ ಎರಡು ನಿಮಿಷ ತಡವಾದರೂ ಎಬ್ಬಿಸಿ. ಯಾವ ಕ್ಯೂಗೆ ಎಷ್ಟು ಹೊತ್ತು ಅಂತ ನಾವು ಟೆಕ್ನಿಕಲ್ ಜನ ಊಹೆ ಮಾಡಿ ಹಾಕಬಾರದು. ಬ್ರ್ಯಾಂಚಿನವರನ್ನು, ಕಾಲ್ ಸೆಂಟರಿನವರನ್ನು ಕೇಳಬೇಕು. ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ರ‍್ಯಾಬಿಟ್‌ಎಂಕ್ಯೂ ನಡೆಸುವವರಿಗೆ ಒಂದು ಮಾತು. ಪ್ರತಿ ಮೆಸೇಜಿನ ಮೇಲೆ ಟೈಮ್‌ಸ್ಟಾಂಪ್, ಅಂದರೆ ಹೊತ್ತಿನ ಗುರುತು, ಇದ್ದರೆ ಮಾತ್ರ ಕ್ಯೂನ ಮುಂದಿರುವ ಮೆಸೇಜ್ ಯಾವ ಹೊತ್ತಿನದ್ದು ಅಂತ ಅಲ್ಲಿ ನೋಡಬಹುದು. ನಿಮ್ಮ ಡೆವಲಪರ್‌ಗಳ ಹತ್ತಿರ ಅದನ್ನು ಕೇಳಿ ಹಾಕಿಸಿಕೊಳ್ಳಿ. ಈಗಾಗಲೇ ಹಾಕಿಸಿಕೊಂಡು ಅದರ ಮೇಲೆ ಅಲರ್ಟ್ ಕಟ್ಟಿದವರು ಇದ್ದರೆ, ಯಾವ ಕ್ಯೂಗೆ ಎಷ್ಟು ನಿಮಿಷ ಇಟ್ಟಿದ್ದೀರಿ, ಯಾಕೆ ಅಷ್ಟು ಅಂತ ಕೆಳಗೆ ಬರೆಯಿರಿ.