ಬೋರ್ಡು ಬರೆಯುವವನಿಗೆ ಮಾತ್ರ ಬಿಡುವಿಲ್ಲ

ಎಲ್ಲೋ ಒಂದು ಘೋರ ನಡೆಯುತ್ತದೆ. ಮರುದಿನ ಜಯದೇವ ಸರ್ಕಲ್ಲಿನಲ್ಲಿ ಮೇಣದಬತ್ತಿ, ಅದರ ಮರುದಿನ ಡಿ.ಸಿ.ಗೆ ಮನವಿ, ಮೂರನೇ ದಿನ ಸಚಿವರ ಕಾರು. ಮೈಕುಗಳ ಗೊಂಚಲು ಮುಖದ ಮುಂದೆ ಬಂದ ಕೂಡಲೇ ಸಾಹೇಬರು ಏನು ಹೇಳುತ್ತಾರೆಂದು ದಾವಣಗೆರೆಯ ಮಂಡಕ್ಕಿ ಅಂಗಡಿಯವನಿಗೂ ಗೊತ್ತು: ವಿಶೇಷ ನ್ಯಾಯಾಲಯ ಸ್ಥಾಪಿಸುತ್ತೇವೆ, ಯಾರೇ ಆಗಿರಲಿ ಬಿಡುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯ ಕೊಲೆಯಾದಾಗಲೂ ಬಂದದ್ದು ಇದೇ ಮಾತು. ಎಲೆಕ್ಷನ್ ಹೊತ್ತು ಬೇರೆ.

ಮಾತಿಗೆ ಖರ್ಚಿಲ್ಲ, ಕೋರ್ಟಿಗೆ ಇದೆ. ಆ ಲೆಕ್ಕ ಆಮೇಲೆ. ಮೊದಲು ವಿಶೇಷ ನ್ಯಾಯಾಧೀಶರು ಅವತರಿಸುವ ಬಗೆ ನೋಡಿ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಗಳ ಜತೆ ಸಮಾಲೋಚನೆ, ಸರ್ಕಾರದ ಅಧಿಸೂಚನೆ, ಗೆಜೆಟ್ಟಿನಲ್ಲಿ ನಾಲ್ಕು ಸಾಲು. ಇಷ್ಟಾದರೆ ನಿನ್ನೆ ಸಂಜೆ ತನಕ ಎರಡನೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಾಗಿದ್ದವರು ಇವತ್ತು ಬೆಳಿಗ್ಗೆ ವಿಶೇಷ. ಅದೇ ಹಾಲ್, ಅದೇ ಕುರ್ಚಿ, ಅದೇ ಕಿರುಗುಟ್ಟುವ ಫ್ಯಾನು. ಬದಲಾದದ್ದು ಬಾಗಿಲ ಮೇಲಿನ ಹಲಗೆ. ನಮ್ಮೂರಲ್ಲಿ ಸ್ಪೆಷಲ್ ಬೆಣ್ಣೆ ದೋಸೆ ಅಂದರೆ ಕೊನೇಪಕ್ಷ ಇನ್ನೊಂದು ಮುದ್ದೆ ಬೆಣ್ಣೆಯಾದರೂ ಬೀಳುತ್ತದೆ.

ಹಲಗೆಯಾದರೂ ಒಂದೇ? ಗಾಂಜಾಕ್ಕೆ ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯ. ಐಪಿ ಸೆಟ್ಟಿಗೆ ಹುಕ್ ಹಾಕಿದವನಿಗೆ 2003ರ ವಿದ್ಯುತ್ ಕಾಯ್ದೆಯ ವಿಶೇಷ ನ್ಯಾಯಾಲಯ. ದುಡ್ಡು ಕಟ್ಟಿಸಿಕೊಂಡು ಓಡಿಹೋದ ಫೈನಾನ್ಸಿನವನಿಗೆ 2004ರ ಠೇವಣಿದಾರರ ಕಾಯ್ದೆಯದು. ಅದಿರು ಕದ್ದವನಿಗೆ ಗಣಿ ಕಾಯ್ದೆಯದು (ಹೊಸದುರ್ಗ, ಹೊಳಲ್ಕೆರೆ ಕಡೆಯವರಿಗೆ ವಿವರಿಸಬೇಕಿಲ್ಲ). ಲಂಚಕ್ಕೆ ಬೇರೆ, ಜಾತಿ ದೌರ್ಜನ್ಯಕ್ಕೆ ಬೇರೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಪೋಕ್ಸೋಗೆ ಬೇರೆ. ಟೋಪಿ ಏಳು, ತಲೆ ಒಂದೋ ಎರಡೋ. ಎಲ್ಲ ಕಾಯ್ದೆಗೂ ಅವಸರ. ದೌರ್ಜನ್ಯ ಪ್ರಕರಣ ಚಾರ್ಜ್‌ಶೀಟ್ ಬಂದ ಎರಡು ತಿಂಗಳಲ್ಲಿ ಮುಗಿಯಬೇಕು, ಅತ್ಯಾಚಾರದ್ದೂ ಎರಡು ತಿಂಗಳು, ಪೋಕ್ಸೋ ಒಂದು ವರ್ಷ, ಲಂಚದ್ದು ಎರಡು ವರ್ಷ. ಎಲ್ಲರಿಗೂ ಮೊದಲ ಆದ್ಯತೆ ಕೊಟ್ಟ ಮೇಲೆ ಕಾಸ್ ಲಿಸ್ಟ್ (ದಿನದ ಕೇಸುಗಳ ಪಟ್ಟಿ) ಮೊದಲಿದ್ದ ಹಾಗೇ ಇರುತ್ತದೆ, ಇನ್ನೇನಾಗುತ್ತದೆ?

ಹುದ್ದೆ ಕೊಟ್ಟು, ದುಡ್ಡು ಇಟ್ಟು ಮಾಡಿದ ಕೋರ್ಟುಗಳೂ ಇವೆ, ಇಲ್ಲವೆನ್ನಬಾರದು. 11ನೇ ಹಣಕಾಸು ಆಯೋಗದ ಮಾತಿನಂತೆ 2000ದಲ್ಲಿ ದೇಶಕ್ಕೆ 1,734 ತ್ವರಿತ ನ್ಯಾಯಾಲಯ, 502.90 ಕೋಟಿ ರೂಪಾಯಿ, ಐದು ವರ್ಷ. ಖಾಲಿ ಕುರ್ಚಿಗೆ ತಾತ್ಕಾಲಿಕ ಬಡ್ತಿಯವರು, ನಿವೃತ್ತರು. ಐದು ವರ್ಷ ಹತ್ತಾಯಿತು, ಹನ್ನೊಂದಾಯಿತು. 2011ರ ಮಾರ್ಚ್ 31ಕ್ಕೆ ಕೇಂದ್ರ ಕೈ ತೊಳೆದುಕೊಂಡಿತು. ಕೋರ್ಟು ತಾತ್ಕಾಲಿಕ, ಕೇಸು ಮಾತ್ರ ಕಾಯಂ.

ಆಮೇಲೆ 2019ರ ಅಕ್ಟೋಬರ್‌ನಲ್ಲಿ ಎರಡನೇ ಅವತಾರ: ಅತ್ಯಾಚಾರ ಮತ್ತು ಪೋಕ್ಸೋ ಪ್ರಕರಣಗಳಿಗೆಂದೇ 1,023 ತ್ವರಿತ ವಿಶೇಷ ನ್ಯಾಯಾಲಯ, 767.25 ಕೋಟಿ. ಭಾಗಿಸಿದರೆ ಕೋರ್ಟೊಂದಕ್ಕೆ ವರ್ಷಕ್ಕೆ ಸರಿಯಾಗಿ 75 ಲಕ್ಷ. ಅದರಲ್ಲಿ ಒಬ್ಬರು ನ್ಯಾಯಾಧೀಶರು, ಏಳು ಮಂದಿ ಸಿಬ್ಬಂದಿ, ಚಿಲ್ಲರೆ ಖರ್ಚಿಗೆ ಒಂದಿಷ್ಟು. 2023ರಲ್ಲಿ ಮತ್ತೆ ಮೂರು ವರ್ಷ ವಿಸ್ತರಣೆ, 1,952.23 ಕೋಟಿ. ಗುರಿ ಕೋರ್ಟೊಂದಕ್ಕೆ ವರ್ಷಕ್ಕೆ 165 ಪ್ರಕರಣ. ಅಂದರೆ ಆ 75 ಲಕ್ಷದ ಲೆಕ್ಕದಲ್ಲಿ ತೀರ್ಪೊಂದಕ್ಕೆ 45,454 ರೂಪಾಯಿ. ನಿಜ ಹೇಳಬೇಕೆಂದರೆ ಇದು ದುಬಾರಿಯೇ ಅಲ್ಲ, ಒಂದು ಸಾಧನಾ ಸಮಾವೇಶದ ಶಾಮಿಯಾನಕ್ಕೂ ಇದು ಸಾಲದು.

ಈಗ ಇನ್ನೊಂದು ಗುಣಾಕಾರ. ಕೇಸಿಗೆ ಹದಿನೈದೇ ಸಾಕ್ಷಿ ಅಂದುಕೊಂಡರೂ 165ಕ್ಕೆ 2,475. ವರ್ಷದಲ್ಲಿ 240 ದಿನ ಕೋರ್ಟು ನಡೆದರೆ ದಿನಕ್ಕೆ ಹತ್ತು ಸಾಕ್ಷಿ. ಪೋಕ್ಸೋದಲ್ಲಿ ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ. ಪ್ರಶ್ನೆ ನ್ಯಾಯಾಧೀಶರಿಗೆ ಹೋಗಬೇಕು, ಅವರು ಮಗುವಿಗೆ ಅರ್ಥವಾಗುವ ಹಾಗೆ ಕೇಳಬೇಕು, ಉತ್ತರವನ್ನು ಬೆರಳಚ್ಚು ಮಾಡಿಸಬೇಕು, ನಡುವೆ ಮಗು ಅತ್ತರೆ ನಿಲ್ಲಿಸಬೇಕು. ಒಂದು ಮಗುವಿಗೇ ಇಡೀ ಮಧ್ಯಾಹ್ನ ಬೇಕು. ಉಳಿದ ಒಂಬತ್ತು ಮಂದಿ?

ಅವರ ಚಿಂತೆ ಬೇಡ, ಅವರು ಬಂದಿರುವುದಿಲ್ಲ. ಮಹಜರಿಗೆ ಸಹಿ ಹಾಕಿದ ಪಂಚ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ, ಸಮನ್ಸ್ ಜಗಳೂರಿನ ಹಳೇ ಮನೆಯ ಬಾಗಿಲು ತಟ್ಟಿ ವಾಪಸಾಗಿದೆ. ಬಂದರೂ ಪೊಲೀಸರು ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಅನ್ನುತ್ತಾನೆ, ಪ್ರತಿಕೂಲ ಸಾಕ್ಷಿ. ತನಿಖಾಧಿಕಾರಿಗೆ ವರ್ಗ, ಇಲ್ಲವೇ ಗಣೇಶನ ಬಂದೋಬಸ್ತು. ತಪಾಸಣೆ ಮಾಡಿದ ವೈದ್ಯೆ ಪಿ.ಜಿ. ಓದಲು ಹೋದರು. ದಾವಣಗೆರೆಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಆದರೂ ವರದಿ ಬಂದಿಲ್ಲ ಎಂಬ ಮೆಮೊ ಕಡತದಲ್ಲಿ ಖಾಯಂ ಸದಸ್ಯ. ಸರ್ಕಾರಿ ಅಭಿಯೋಜಕರು ಪಕ್ಕದ ಹಾಲ್‌ನಲ್ಲಿ ಇನ್ನೊಂದು ಕೇಸಿನಲ್ಲಿದ್ದಾರೆ. ಆರೋಪಿ ಪರ ಹೊಸ ವಕಾಲತ್ತು, ಕಾಲಾವಕಾಶ ಕೋರಿ ಅರ್ಜಿ. ಇದ್ಯಾವುದಕ್ಕೂ ಬಾಗಿಲ ಮೇಲಿನ ಹಲಗೆ ಓದಲು ಬರುವುದಿಲ್ಲ.

ಇಷ್ಟೆಲ್ಲ ದಾಟಿ ವಾದ ಮುಗಿಯಿತು ಅನ್ನಿ. ಏಪ್ರಿಲ್–ಮೇ ಬಂತು, ನ್ಯಾಯಾಧೀಶರ ಸಾರ್ವತ್ರಿಕ ವರ್ಗಾವಣೆ. ದಾಖಲಾದ ಸಾಕ್ಷ್ಯ ಉಳಿಯುತ್ತದೆ, ವಾದ ಉಳಿಯುವುದಿಲ್ಲ. ಹೊಸಬರು ಮತ್ತೆ ಮೊದಲಿಂದ ಕೇಳಬೇಕು. ಹೊಸಬರು ಬರುವ ತನಕ ಪ್ರಭಾರ. ಪ್ರಭಾರದವರು ಜಾಮೀನು ಅರ್ಜಿ ನೋಡುತ್ತಾರೆ, ಮಿಕ್ಕಿದ್ದಕ್ಕೆ ದಿನಾಂಕ ಕೊಡುತ್ತಾರೆ. ಅವರ ತಪ್ಪಲ್ಲ, ಅವರ ಹಾಲ್‌ನಲ್ಲೂ ಇಷ್ಟೇ ಕಡತ.

ಈ ನಡುವೆ ಶಾಸಕ, ಸಂಸದರ ಮೇಲಿನ ಕ್ರಿಮಿನಲ್ ಕೇಸುಗಳಿಗೂ ವಿಶೇಷ ಸೌಭಾಗ್ಯ ಸಿಕ್ಕಿತ್ತು. 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದಕ್ಕೆ ದೇಶಕ್ಕೆಲ್ಲ 12 ಕೋರ್ಟು, 7.80 ಕೋಟಿ. ಕರ್ನಾಟಕದ ಪಾಲಿನದು ಬೆಂಗಳೂರಿನಲ್ಲಿ ಕೂತಿತು. ಚಿತ್ರದುರ್ಗದಲ್ಲಿ ಕಟ್ಟಿದ ಎಲೆಕ್ಷನ್ ಬ್ಯಾನರಿನ ಉದ್ದಗಲ ಅಳೆದ ಗ್ರಾಮ ಲೆಕ್ಕಿಗ ಅದನ್ನು ಹೇಳಲು 200 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು. ಶಾಸಕರು ಹೇಗೂ ಬೆಂಗಳೂರಿನಲ್ಲೇ ಇರುತ್ತಾರೆ, ಅವರಿಗೆ ಅನುಕೂಲ.

ನಗುವುದು ಇಲ್ಲಿಗೆ ಸಾಕು. ಮಗುವಿನ ಸಾಕ್ಷ್ಯವನ್ನು 30 ದಿನದಲ್ಲಿ ದಾಖಲಿಸಬೇಕೆಂದು ಪೋಕ್ಸೋ ಕಾಯ್ದೆ 2012ರಿಂದ ಹೇಳುತ್ತಿದೆ, ಮಗುವನ್ನು ಪದೇ ಪದೇ ಕರೆಸಬೇಡಿ ಎಂದೂ ಹೇಳುತ್ತಿದೆ. ಮೊಳಕಾಲ್ಮುರು ಕಡೆಯಿಂದ ತಾಯಿಯೊಬ್ಬಳು ಶೇಂಗಾ ಕೀಳುವ ಕೂಲಿ ಬಿಟ್ಟು ಹುಡುಗಿಯನ್ನು ಕರೆದುಕೊಂಡು ದುರ್ಗಕ್ಕೆ ಬರುತ್ತಾಳೆ. ಸಂಜೆ ತನಕ ಕಾಯ್ದ ಮೇಲೆ ಗೊತ್ತಾಗುತ್ತದೆ, ಇವತ್ತು ಆಗುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನಡೆದದ್ದನ್ನು ಪಿಯುಸಿಯಲ್ಲಿ ನೆನಪಿಸಿಕೊಳ್ಳಬೇಕು. ಅಂಗಿಯ ಬಣ್ಣ ತಪ್ಪು ಹೇಳಿದರೆ ಆರೋಪಿಗೆ ಸಂಶಯದ ಲಾಭ. ಆ ಹುಡುಗಿ ಮರೆಯಲಿ ಎಂದೇ ಕಾದ ಹಾಗಿದೆ. ಇದಕ್ಕೆ ಏನೆನ್ನಬೇಕು? ನಾಚಿಕೆಗೇಡು, ಅಷ್ಟೇ.

ಬೇಕಾದದ್ದು ಏನೆಂದು ಯಾರಿಗೂ ಗೊತ್ತಿಲ್ಲದ್ದಲ್ಲ. ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಬರೆಯಿತು. ಐದು ವರ್ಷದಲ್ಲಿ ಮಾಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶಿಸಿತು. ನಾವಿನ್ನೂ 21ರ ಆಸುಪಾಸಿನಲ್ಲಿದ್ದೇವೆ, ಅದೂ ಮಂಜೂರಾದ ಹುದ್ದೆಗಳ ಲೆಕ್ಕದಲ್ಲಿ. ಕಾಯಂ ಹುದ್ದೆ ತುಂಬಿದ್ದಕ್ಕೆ ಯಾರೂ ಮೈಕು ಹಿಡಿಯುವುದಿಲ್ಲ ನೋಡಿ. ಘೋಷಣೆಯ ರುಚಿ ದುರ್ಗದವರಿಗೂ ಚೆನ್ನಾಗಿ ಗೊತ್ತು: 2023ರ ಕೇಂದ್ರ ಬಜೆಟ್ಟಿನ 5,300 ಕೋಟಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಚಪ್ಪಾಳೆಯಂತೂ ಬಿದ್ದಿತ್ತು.

ಮುಂದಿನ ಸಲ ಸಚಿವರು ವಿಶೇಷ ನ್ಯಾಯಾಲಯ ಅಂದಾಗ ನಮ್ಮ ವರದಿಗಾರ ಮಿತ್ರರು ಮೂರೇ ಪ್ರಶ್ನೆ ಕೇಳಲಿ. ಯಾವ ಹಾಲ್? ಸ್ಟೆನೊ ಯಾರು? ಅಭಿಯೋಜಕರಿಗೆ ಬೇರೆ ಎಷ್ಟು ಕೋರ್ಟು? ಉತ್ತರ ಬರದಿದ್ದರೆ ಹಲಗೆಯ ಅಳತೆಯನ್ನಾದರೂ ಬರೆದುಕೊಂಡು ಬನ್ನಿ, ಪೇಂಟರ್ ಅಡ್ವಾನ್ಸ್ ಕೇಳುತ್ತಿದ್ದಾನೆ.