ಮದುವೆ ಆಗಿಲ್ಲ ಅನ್ನೋದಕ್ಕೆ ದಾಖಲೆ ತನ್ನಿ

ಹುಟ್ಟಿದ್ದು ಒಂದು ದೇಶ, ಹೊಟ್ಟೆಪಾಡು ಇನ್ನೊಂದು ದೇಶ, ಮನಸ್ಸು ಕೊಟ್ಟದ್ದು ಮೂರನೆಯ ದೇಶದವರಿಗೆ. ಇಂಥ ಜೋಡಿ ಮದುವೆ ನೋಂದಣಿಗೆಂದು ಕೌಂಟರಿನ ಮುಂದೆ ನಿಂತರೆ ಒಳಗಿನಿಂದ ಬರುವ ಮೊದಲ ಪ್ರಶ್ನೆ: "ನಿಮಗೆ ಈಗಾಗಲೇ ಮದುವೆ ಆಗಿಲ್ಲ ಅನ್ನೋದಕ್ಕೆ ದಾಖಲೆ ಎಲ್ಲಿ?"

ಆದದ್ದಕ್ಕೆ ದಾಖಲೆ ಕೇಳಿದರೆ ಒಪ್ಪೋಣ. ಆಗದೇ ಹೋದದ್ದಕ್ಕೆ ದಾಖಲೆ ಹುಟ್ಟಿಸುವುದು ಸರ್ಕಾರಗಳಿಗೆ ಮಾತ್ರ ಒಲಿದಿರುವ ವಿದ್ಯೆ. ಹೀಗೇ ಬಿಟ್ಟರೆ ನಾಳೆ ಕಳ್ಳತನ ಮಾಡಿಲ್ಲ ಎಂಬುದಕ್ಕೂ ಪತ್ರ ಕೇಳುತ್ತಾರೆ ಎಂದು ನಗಬೇಡಿ. ಅದನ್ನು ಆಗಲೇ ಕೇಳುತ್ತಿದ್ದಾರೆ, ವೀಸಾಕ್ಕೆ.

ಈ ಒಂಟಿತನದ ಪತ್ರವನ್ನು ಕೊಡಬೇಕಾದದ್ದು ನೀವು ಬಿಟ್ಟು ಬಂದ ದೇಶ. ಎಷ್ಟೋ ವರ್ಷಗಳಿಂದ ನಿಮ್ಮ ಮುಖವನ್ನೇ ಕಾಣದ ಆ ದೇಶ, ಪರದೇಶದಲ್ಲಿ ನೀವು ಯಾರ ಕೈಯನ್ನೂ ಹಿಡಿದಿಲ್ಲ ಎಂದು ಭರವಸೆ ಕೊಡಬೇಕು. ನಿಮ್ಮನ್ನು ದಿನಾ ನೋಡುವ ಪಕ್ಕದ ಮನೆಯವರ ಮಾತು ನಡೆಯುವುದಿಲ್ಲ. ಅವರಿಗೆ ಎಲ್ಲವೂ ಗೊತ್ತು, ಠಸ್ಸೆ ಮಾತ್ರ ಇಲ್ಲ.

ಕೊಡುವ ದೇಶಗಳ ಕಥೆ ಹೀಗಾದರೆ, ಕೊಡದ ದೇಶಗಳದ್ದು ಇನ್ನೂ ಸೊಗಸು. ಅಮೆರಿಕದಲ್ಲಿ ಮದುವೆಗಳಿಗೆ ರಾಷ್ಟ್ರಮಟ್ಟದ ರಿಜಿಸ್ಟರೇ ಇಲ್ಲ. ಅದೆಲ್ಲ ಆಯಾ ರಾಜ್ಯ, ಕೌಂಟಿಗಳ ವ್ಯವಹಾರ. ಹಾಗಾಗಿ ಹೊರದೇಶದಲ್ಲಿ ಮದುವೆಯಾಗುವ ಅಮೆರಿಕನ್ನರು ಸಾಮಾನ್ಯವಾಗಿ ತಮ್ಮ ದೂತಾವಾಸಕ್ಕೆ ಹೋಗಿ, ತಾವು ಮದುವೆಗೆ ಅರ್ಹರೆಂದು ತಾವೇ ಪ್ರಮಾಣ ಮಾಡುತ್ತಾರೆ. ಅಧಿಕಾರಿ ದೃಢೀಕರಿಸುವುದು ಅವರ ಒಂಟಿತನವನ್ನಲ್ಲ, ಪ್ರಮಾಣ ಮಾಡಿದ್ದನ್ನು. ಇದೇ ಮಾತನ್ನು ಕೌಂಟರಿನ ಮುಂದೆ ನಿಂತು ಬಾಯಲ್ಲಿ ಹೇಳಿದಾಗ ಯಾರೂ ನಂಬಿರಲಿಲ್ಲ. ಶುಲ್ಕ ಕಟ್ಟಿ ಹೇಳಿದ ಮೇಲೆ ಅದು ಪುರಾವೆ.

ಜರ್ಮನಿ ಇಷ್ಟು ಸಲೀಸಾಗಿ ಬಿಡುವುದಿಲ್ಲ. ನಿಮ್ಮ ದೇಶ ಅಂಥ ಪತ್ರ ಕೊಡುವುದಿಲ್ಲವೇ? ಹಾಗಾದರೆ ಪತ್ರ ಬೇಡವೆಂಬ ವಿನಾಯಿತಿಯನ್ನು ಉಚ್ಚ ಪ್ರಾದೇಶಿಕ ನ್ಯಾಯಾಲಯದ ಅಧ್ಯಕ್ಷರಿಂದ ತರಬೇಕು. ಆ ವಿನಾಯಿತಿಗೂ ಆರು ತಿಂಗಳ ಆಯುಷ್ಯ. ಏಳನೆಯ ತಿಂಗಳು ನೀವು ಏನು ಮಾಡಿಕೊಂಡಿದ್ದೀರೋ ಯಾರಿಗೆ ಗೊತ್ತು?

ಹುಟ್ಟಿಗೂ ಅವಧಿ ಮುಗಿಯುತ್ತದೆ ಎಂದು ತಿಳಿಯಬೇಕಾದರೆ ಫ್ರಾನ್ಸಿಗೆ ಹೋಗಬೇಕು. ಅಲ್ಲಿ ಮದುವೆಗೆ ತೋರಿಸುವ ಜನನ ದಾಖಲೆಯ ಪ್ರತಿ ಮೂರು ತಿಂಗಳಿಗಿಂತ ಹಳೆಯದಿರಬಾರದು. ಹೊರಗಿನಿಂದ ತಂದದ್ದಾದರೆ ಸಾಮಾನ್ಯವಾಗಿ ಆರು ತಿಂಗಳು. ಹಾಲಿನ ಪ್ಯಾಕೆಟ್ಟಿನ ಮೇಲೆ ನೋಡುವಂತೆ ನಿಮ್ಮ ಹುಟ್ಟಿನ ಮೇಲೆ ತಾರೀಕು ನೋಡುತ್ತಾರೆ. ಫ್ರೆಂಚರ ಮಟ್ಟಿಗೆ ಇದರಲ್ಲಿ ಅರ್ಥವಿದೆ ಅನ್ನಿ. ಅವರ ಜನನ ದಾಖಲೆಯ ಅಂಚಿನಲ್ಲಿ ಮದುವೆ, ವಿಚ್ಛೇದನ ಎಲ್ಲವನ್ನೂ ಬರೆಯುತ್ತಾ ಹೋಗುತ್ತಾರೆ, ಹೊಸ ಪ್ರತಿಯಲ್ಲಿ ಹೊಸ ಸುದ್ದಿ ಸಿಗುತ್ತದೆ. ಆದರೆ ಹುಟ್ಟಿದ ದಿನ ಬರೆದು ಮುಚ್ಚಿದ ರಿಜಿಸ್ಟರನ್ನು ಮತ್ತೆ ತೆರೆಯದ ದೇಶಗಳೂ ಇವೆಯಲ್ಲ? ಅಲ್ಲಿಂದ ಎಷ್ಟು ತಾಜಾ ಪ್ರತಿ ತರಿಸಿದರೂ ಅದೇ ಅಪ್ಪ, ಅದೇ ಅಮ್ಮ, ಅದೇ ತಾರೀಕು. ಕಾಗದ ಮಾತ್ರ ಹೊಸದು. ಅಂಥ ದೇಶಗಳ ಪ್ರತಿಗೆ ಈ ಗಡುವು ಬೇಡವೆಂದು ಫ್ರೆಂಚ್ ಕಾನೂನೇ ಒಪ್ಪಿಕೊಂಡಿದೆ.

ಇದೇ ಫ್ರಾನ್ಸಿನಲ್ಲಿ ತೀರಿಕೊಂಡವರನ್ನೂ ಮದುವೆಯಾಗಬಹುದು! 1959ರ ಡಿಸೆಂಬರಿನಲ್ಲಿ ಮಾಲ್ಪಾಸೆ ಅಣೆಕಟ್ಟು ಒಡೆದು ನೂರಾರು ಜನ ಸತ್ತರು. ಮದುವೆ ನಿಶ್ಚಯವಾಗಿದ್ದ ಹೆಣ್ಣುಮಗಳೊಬ್ಬಳ ಅಳಲು ಕೇಳಿ ಆ ತಿಂಗಳು ಮುಗಿಯುವುದರೊಳಗೆ ಕಾನೂನನ್ನೇ ತಂದರು. ಸತ್ತವರಿಗೆ ಮದುವೆಯ ಇಚ್ಛೆಯಿತ್ತೆಂದು ತೋರಿಸಿದರೆ ರಾಷ್ಟ್ರಪತಿ ಇಂದಿಗೂ ಅನುಮತಿ ಕೊಡಬಹುದು. ಆ ಕಾನೂನಿನ ಬಗ್ಗೆ ನನಗೆ ಗೌರವವೇ ಇದೆ. ಬದುಕಿರುವ ಇಬ್ಬರು ಕೈ ಕೈ ಹಿಡಿದು ಎದುರಿಗೆ ನಿಂತರೆ ಅವರ ಇಚ್ಛೆಗೇಕೆ ಅಷ್ಟು ಬೇಗ ಕಿವಿಗೊಡುವುದಿಲ್ಲ ಎಂಬುದಷ್ಟೇ ಕುತೂಹಲ.

ಪತ್ರ ಬಂತು ಅನ್ನಿ. ಅದನ್ನು ನಂಬುವುದು ಹೇಗೆ? ಅದಕ್ಕೇ ಅಪೋಸ್ಟಿಲ್, ಅಂದರೆ ಹೊರದೇಶಕ್ಕೆ ಒಯ್ಯುವ ಪತ್ರಕ್ಕೆ ಅಂಟಿಸುವ ದೃಢೀಕರಣ ಚೀಟಿ. 1961ರ ಹೇಗ್ ಒಪ್ಪಂದದ ಕೂಸು. ಚೌಕ ಆಕಾರ, ಪ್ರತಿ ಬದಿ ಕನಿಷ್ಠ 9 ಸೆಂಟಿಮೀಟರ್, ಹತ್ತು ಅಂಕಣ, ತಲೆಬರಹ ಮಾತ್ರ ಕಡ್ಡಾಯವಾಗಿ ಫ್ರೆಂಚಿನಲ್ಲಿ. ಪತ್ರದಲ್ಲಿ ಬರೆದದ್ದು ನಿಜವೆಂದು ಅದು ಹೇಳುವುದೇ ಇಲ್ಲ. ಸಹಿ ಅಸಲಿ, ಸಹಿ ಮಾಡಿದವರಿಗೆ ಆ ಹುದ್ದೆ ಇತ್ತು, ಠಸ್ಸೆ ಅಸಲಿ, ಇಷ್ಟೇ ಅದರ ಸಾಕ್ಷ್ಯ. ಪತ್ರದೊಳಗೆ ಸುಳ್ಳಿದ್ದರೆ ಅದು ಅಸಲಿ ಸಹಿಯುಳ್ಳ ಸುಳ್ಳು. ಅಪೋಸ್ಟಿಲಿನ ಮೇಲಿನ ಸಹಿಗೆ ಮತ್ತೆ ದೃಢೀಕರಣ ಬೇಕಿಲ್ಲ ಎಂದು ಒಪ್ಪಂದದಲ್ಲೇ ಬರೆದಿದ್ದಾರೆ. ಹಾಗೆ ಬರೆದವರು ಕಚೇರಿಗಳನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಮುಂದೆ ಅನುವಾದ. ಮಾನ್ಯತೆ ಪಡೆದ ಅನುವಾದಕರು ಕಾಗದದ ಮೇಲಿನ ಠಸ್ಸೆಯನ್ನೂ ಬಿಡದೆ ಅನುವಾದಿಸುತ್ತಾರೆ. ಸಹಿಯ ಜಾಗಕ್ಕೆ ಬಂದಾಗ ಪ್ರಾಮಾಣಿಕವಾಗಿ ಬರೆಯುತ್ತಾರೆ: "ಸಹಿ, ಓದಲಾಗುತ್ತಿಲ್ಲ." ಆ ಓದಲಾಗದ ಸಹಿ ಯಾರದ್ದೆಂದು ಹೆಸರು ಹಿಡಿದು ಅಪೋಸ್ಟಿಲ್ ಅದೇ ಹಾಳೆಯ ಬೆನ್ನಿಗೆ ಅಂಟಿಕೊಂಡಿರುತ್ತದೆ. ಎರಡನ್ನೂ ಪಿನ್ ಹೊಡೆದು ಒಪ್ಪಿಸಬೇಕು. ಪಿನ್ ಕಿತ್ತರೆ ಮದುವೆ ಕೆಟ್ಟಿತು.

ಈ ತಲೆನೋವು ಬೇಡವೆಂದು ಹಲವು ಜೋಡಿಗಳು ಡೆನ್ಮಾರ್ಕಿಗೋ ಜಿಬ್ರಾಲ್ಟರಿಗೋ ಹೋಗುತ್ತವೆ. ಬೀಟಲ್ಸ್ ಗಾಯಕ ಜಾನ್ ಲೆನನ್ ಮತ್ತು ಕಲಾವಿದೆ ಯೋಕೊ ಓನೊ ಅವರ ಕಥೆಯೂ ಅದೇ. ಹಡಗಿನಲ್ಲಿ ಆಗಲಿಲ್ಲ, ಪ್ಯಾರಿಸಿನಲ್ಲಿ ಸಾಕಷ್ಟು ದಿನ ವಾಸವಿಲ್ಲವೆಂದು ಆಗಲಿಲ್ಲ. ಕೊನೆಗೆ 1969ರ ಮಾರ್ಚ್ 20ರಂದು ಜಿಬ್ರಾಲ್ಟರಿನಲ್ಲಿ ಕೆಲಸ ಮುಗಿಸಿದರು. ಜಗತ್ತೇ ಗುರುತು ಹಿಡಿಯುವ ಮುಖಕ್ಕೂ ವಾಸದ ಪುರಾವೆ ಬೇಕು.

ಅಂತೂ ಮದುವೆಯಾಯಿತು. ಎಲ್ಲಿ ಆಯಿತೋ ಅಲ್ಲಿ ಮಾತ್ರ. ಪರಸ್ಪರರ ಠಸ್ಸೆಗಳನ್ನು ನಂಬುತ್ತೇವೆ ಎಂಬ ಅಪೋಸ್ಟಿಲ್ ಒಪ್ಪಂದಕ್ಕೆ 120ಕ್ಕೂ ಹೆಚ್ಚು ದೇಶಗಳು ಸೇರಿವೆ. ಪರಸ್ಪರರ ಮದುವೆಗಳನ್ನು ಮಾನ್ಯ ಮಾಡುತ್ತೇವೆ ಎಂಬ ಒಪ್ಪಂದವೂ ಅದೇ ಹೇಗ್‌ನಲ್ಲಿ 1978ರಲ್ಲಿ ಆಗಿದೆ. ಅದಕ್ಕೆ ಬದ್ಧವಾದ ದೇಶಗಳು ಆಸ್ಟ್ರೇಲಿಯಾ, ಲಕ್ಸೆಂಬರ್ಗ್, ನೆದರ್‌ಲೆಂಡ್ಸ್. ಅಷ್ಟೇ, ಪಟ್ಟಿ ಮುಗಿಯಿತು. ಉಳಿದ ದೇಶಗಳು ಮಾನ್ಯ ಮಾಡುವುದೇ ಇಲ್ಲವೆಂದಲ್ಲ. ಮಾಡುತ್ತವೆ, ತಂತಮ್ಮ ಕಾನೂನಿನ ಪ್ರಕಾರ, ತಂತಮ್ಮ ಫಾರಮ್ಮಿನಲ್ಲಿ, ತಂತಮ್ಮ ಪುರುಸೊತ್ತಿನಲ್ಲಿ. ಅಲ್ಲಿಯವರೆಗೆ ವಿಮಾನ ಹತ್ತುವಾಗ ದಂಪತಿ, ಇಳಿಯುವಾಗ ಸಹಪ್ರಯಾಣಿಕರು.

ಆದ್ದರಿಂದ ಮದುವೆ ಪತ್ರಕ್ಕೆ ಅಪೋಸ್ಟಿಲ್ ಹಾಕಿಸಿ, ಅದನ್ನೂ ಅನುವಾದ ಮಾಡಿಸಿ, ಒಂಟಿತನದ ಪತ್ರ ಕೊಟ್ಟಿದ್ದ ಅದೇ ದೂತಾವಾಸಕ್ಕೆ ಮತ್ತೆ ಹೋಗಬೇಕು. ಅಲ್ಲೊಂದು ಫಾರಂ, ಅದರಲ್ಲೊಂದು ಅಂಕಣ: ವೈವಾಹಿಕ ಸ್ಥಿತಿ. ವಿವಾಹಿತ ಎಂದು ಬರೆದರೆ, ನಮ್ಮ ರಿಜಿಸ್ಟರಿನಲ್ಲಿ ಹಾಗಿಲ್ಲವಲ್ಲ ಅನ್ನುತ್ತಾರೆ. ಅವಿವಾಹಿತ ಎಂದು ಬರೆದರೆ, ಹಾಗಾದರೆ ಏನು ನೋಂದಾಯಿಸಲು ಬಂದಿರಿ ಅನ್ನುತ್ತಾರೆ. ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆಯಿರಿ, ಸಾಹೇಬರು ರಜೆ ಮುಗಿಸಿ ಬಂದ ಮೇಲೆ ನೋಡೋಣ.